ಬಯಲುಸೀಮೆಯ ತಗಡು, ಬೋರ್‌ವೆಲ್ಲಿನ ನೀರು

ಕಳೆದ ಬೇಸಿಗೆಯಲ್ಲಿ ಸಿದ್ದರಬೆಟ್ಟದ ತಪ್ಪಲಿನ ಹಳ್ಳಿಯೊಂದರಿಂದ ಹುಡುಗನೊಬ್ಬ ಫೋನ್ ಮಾಡಿದ. ಡಿಪ್ಲೊಮಾ ಮುಗಿಸಿ ತುಮಕೂರಿನ ವಸಂತನರಸಾಪುರದ ಕಾರ್ಖಾನೆಯೊಂದಕ್ಕೆ ದಿನಾ ಬೈಕಿನಲ್ಲಿ ಹೋಗಿ ಬರುವವನು. "ಅಣ್ಣ, ಒಂದೂವರೆ ಲಕ್ಷ ಕೂಡಿಟ್ಟಿದ್ದೀನಿ. ಹಳೇದೊಂದು ಸ್ಪೋರ್ಟ್ಸ್ ಕಾರ್ ತಗೊಂಡು, ನಾನೇ ಬಿಚ್ಚಿ ರೆಡಿ ಮಾಡ್ಕೊಂಡು ರೋಡಿಗೆ ಇಳಿಸ್ಬೇಕು ಅಂತಿದ್ದೀನಿ. ಯಾವ್ದು ತಗೊಳ್ಳಲಿ?" ಅಂದ. ಎರಡು ವರ್ಷ ಓವರ್‌ಟೈಮ್ ದುಡಿದು ಕೂಡಿಟ್ಟ ದುಡ್ಡು ಅದು. ಉತ್ತರ ಹೇಳುವವನೂ ಅಷ್ಟೇ ಎಚ್ಚರದಿಂದ ಹೇಳಬೇಕು.

ಅವತ್ತು ಅವನಿಗೆ ಎರಡು ಮಾತು ಹೇಳಿದೆ. ಎಂಜಿನ್ ಕೆಟ್ಟಿದ್ದರೂ ಪರವಾಗಿಲ್ಲ, ತಗಡು ಗಟ್ಟಿಯಿರುವ ಕಾರು ನೋಡು. ಹುಡುಕುವುದನ್ನು ನಮ್ಮ ಸೀಮೆಯಲ್ಲೇ ಹುಡುಕು. ಉಳಿದ ಮಾತು ಫೋನಿನಲ್ಲಿ ಮುಗಿಯುವಂಥದ್ದಾಗಿರಲಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲಿ ಇದೇ ಆಸೆ ಇಟ್ಟುಕೊಂಡ ಹುಡುಗರನ್ನು ಗ್ಯಾರೇಜುಗಳಲ್ಲಿ ಆಗಾಗ ನೋಡುತ್ತಿರುತ್ತೇನೆ. ಅವರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ಪೋರ್ಟ್ಸ್ ಕಾರು ಎಂದರೆ ಏನು ಎನ್ನುವುದು ತಿಳಿಯಾಗಲಿ. ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಕಡಿಮೆ ದುಡ್ಡಿನವರು ಯಾವ ಸ್ಪೋರ್ಟ್ಸ್ ಕಾರು ಕೊಳ್ಳಲಿ ಎಂದು ಕೇಳಿದರೆ ಅಲ್ಲಿನವರು ಎಂಜಿಬಿ ಎನ್ನುತ್ತಾರೆ, ಇಲ್ಲವೇ ಮಾಜ್ದಾ ಎಂಎಕ್ಸ್-5 ಎನ್ನುತ್ತಾರೆ. ಎರಡೂ ಎರಡು ಸೀಟಿನ, ತೆರೆದ ಮಾಡಿನ ಪುಟ್ಟ ಕಾರುಗಳು. ಅವುಗಳನ್ನು ಆರಿಸುವುದಕ್ಕೆ ವೇಗ ಮುಖ್ಯ ಕಾರಣವಲ್ಲ. ಎಂಜಿಬಿ 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಇವತ್ತಿಗೂ ಅದರ ಇಡೀ ಬಾಡಿಯನ್ನೇ ಹೊಸದಾಗಿ ಒತ್ತಿಕೊಡುವ ಕಂಪನಿ ಇಂಗ್ಲೆಂಡಿನಲ್ಲಿದೆ. 1989ರಲ್ಲಿ ಬಂದ ಎಂಎಕ್ಸ್-5 2016ರ ಹೊತ್ತಿಗೆ 10 ಲಕ್ಷ ದಾಟಿತು. ಎಷ್ಟು ಕಾರು ಓಡಾಡಿವೆಯೋ ಅಷ್ಟು ಬಿಡಿಭಾಗ, ಅಷ್ಟು ಮೆಕ್ಯಾನಿಕ್ಕು. ಅವರ ಲೆಕ್ಕವನ್ನು ನಾವು ತೆಗೆದುಕೊಳ್ಳಬೇಕು, ಅವರ ಕಾರನ್ನಲ್ಲ. ಕೊರಟಗೆರೆಯ ಷೆಡ್ಡಿನಲ್ಲಿ ನಿಂತ ಎಂಜಿಬಿಗೆ ಒಂದು ವಾಟರ್ ಪಂಪ್ ಬೇಕಾದರೆ ತಿಂಗಳುಗಟ್ಟಲೆ ದಾರಿ ಕಾಯಬೇಕಾಗುತ್ತದೆ.

ನಮ್ಮಲ್ಲೂ ಎರಡು ಸೀಟಿನ ಕಾರು ಮಾಡಿದವರಿದ್ದಾರೆ. 1998ರ ಸುಮಾರಿಗೆ ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್‌ಗೆ ಫೈಬರ್ ಮೈ, ರೆನೋ ಕಂಪನಿಯ 1149 ಸಿಸಿ ಎಂಜಿನ್, 60 ಅಶ್ವಶಕ್ತಿ. ನೋಡಲು ಮುದ್ದಾದ ಕಾರು. ಆದರೆ ರಸ್ತೆಗೆ ಇಳಿದದ್ದು ತೀರಾ ಕಡಿಮೆ. ಮುಂದಿನ ಗಾಜು ಒಡೆದರೆ ಬೇರೆ ಗಾಜು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಉತ್ತರವಿಲ್ಲದ ಕಾರನ್ನು ಒಂದೂವರೆ ಲಕ್ಷದ ಹುಡುಗನಿಗೆ ನಾನು ಹೇಳಲಾರೆ.

ಇನ್ನೊಂದು ಕಾರಿದೆ, ಅದು ನಮ್ಮ ಬೆಂಗಳೂರಿನದೇ. ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಸಿಪಾನಿ ಡಾಲ್ಫಿನ್. ಅದಕ್ಕೂ ಮುಂಚೆ ಬಾದಲ್ ಎಂಬ ಮೂರು ಗಾಲಿಯ ಕಾರು ಮಾಡುತ್ತಿದ್ದ ಬೆಂಗಳೂರಿನ ಕಂಪನಿಯೇ 1982ರಲ್ಲಿ ಇದನ್ನು ತಂದಿತು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರಿನ ಪರವಾನಗಿ ಪಡೆದು ಮಾಡಿದ್ದು. ಎರಡು ಬಾಗಿಲು, ಫೈಬರ್ ಮೈ, ಮುಂದೆ 848 ಸಿಸಿಯ ಪೂರ್ತಿ ಅಲ್ಯೂಮಿನಿಯಂ ಎಂಜಿನ್, ತಿರುಗುವುದು ಹಿಂದಿನ ಗಾಲಿ. ಮೂಲದ ಕಿಟನ್ ತೂಗುತ್ತಿದ್ದುದು ಹೆಚ್ಚುಕಡಿಮೆ ಅರ್ಧ ಟನ್, ಎಂಜಿನ್ನಿನ ಬಲ ಸುಮಾರು 40 ಅಶ್ವಶಕ್ತಿ. ಆ ಹಗುರ ಮೈಯಿಂದಲೇ ಡಾಲ್ಫಿನ್ ಎಂಬತ್ತರ ದಶಕದ ರ‍್ಯಾಲಿ, ರೇಸುಗಳಲ್ಲಿ ದೊಡ್ಡ ಎಂಜಿನ್ನಿನ ಕಾರುಗಳ ಬೆನ್ನು ಹತ್ತಿತು. ಸಂಸಾರಸ್ಥರು ಮಾತ್ರ ಅದನ್ನು ಒಪ್ಪಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಫೈಬರ್ ಕಾರನ್ನು ಕೇಳುವವರು ಕಡಿಮೆಯಾದರು. ನಾಲ್ಕು ಬಾಗಿಲಿನ ಮೊಂಟಾನಾ ಮಾಡಿ ನೋಡಿದರೂ ಕಂಪನಿ ಚೇತರಿಸಿಕೊಳ್ಳಲಿಲ್ಲ.

ಕರ್ನಾಟಕದಲ್ಲಿ ಹುಟ್ಟಿದ, ಕಡಿಮೆ ದುಡ್ಡಿನ ನಿಜವಾದ ಸ್ಪೋರ್ಟ್ಸ್ ಕಾರು ಯಾವುದು ಎಂದರೆ ನಾನು ಡಾಲ್ಫಿನ್ ಎಂದೇ ಹೇಳುತ್ತೇನೆ. ಎಲ್ಲಾದರೂ ಹುಣಸೆಮರದ ಕೆಳಗೆ, ಕೋಳಿ ಗೂಡಾಗಿ ನಿಂತ ಒಂದು ಡಾಲ್ಫಿನ್ ಕಂಡರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಅದು ಉಳಿಯಬೇಕು. ಆದರೆ ಅದನ್ನು ಮೊದಲ ಕಾರಾಗಿ ಕೊಳ್ಳಬೇಡಿ. ಮೊದಲ ಕಾರಿನಲ್ಲಿ ಕೈ ಪಳಗಬೇಕು. ಕೈ ಪಳಗುವುದು ಬಿಚ್ಚಿದ್ದನ್ನು ಮತ್ತೆ ಕಟ್ಟಿ ಓಡಿಸಿದಾಗ. ಬಿಡಿಭಾಗ ಸಿಗದೆ ಬಿಚ್ಚಿಯೇ ಉಳಿದ ಕಾರು ಮನೆಯವರ ಕಣ್ಣಿಗೂ ಭಾರ, ಮನಸ್ಸಿಗೂ ಭಾರ.

ಡಾಲ್ಫಿನ್ ಕಲಿಸುವ ಪಾಠ ತೂಕದ್ದು. ಕಾರು ಎಷ್ಟು ಚುರುಕು ಎನ್ನುವುದಕ್ಕೆ ಎಂಜಿನ್ನಿನ ಬಲವನ್ನಷ್ಟೇ ನೋಡಿದರೆ ಸಾಲದು, ಆ ಬಲ ಎಷ್ಟು ಕೆ.ಜಿ.ಯನ್ನು ಎಳೆಯಬೇಕು ಎಂದೂ ನೋಡಬೇಕು. ಕಾಂಟೆಸ್ಸಾ ಎಂದರೆ ನಮ್ಮ ಹುಡುಗರಿಗೆ ಪ್ರಾಣ. ಅಗಲವಾದ ಮೂತಿ, ಹಿಂದಿನ ಗಾಲಿಯ ಎಳೆತ, ಅಮೆರಿಕದ ಸಿನಿಮಾ ಕಾರಿನ ಗತ್ತು. 1984ರಿಂದ 2002ರವರೆಗೆ ಹಿಂದೂಸ್ತಾನ್ ಮೋಟರ್ಸ್ ಮಾಡಿದ ಆ ಕಾರಿನಲ್ಲಿ ಚೆನ್ನಾಗಿದ್ದದ್ದು ಇಸುಜು ಕಂಪನಿಯ 1.8 ಲೀಟರಿನ ಪೆಟ್ರೋಲ್ ಎಂಜಿನ್, ಸುಮಾರು 88 ಅಶ್ವಶಕ್ತಿ. ಆದರೆ ಕಾರಿನ ತೂಕ ಒಂದು ಟನ್ನಿನ ಮೇಲೆ ಇನ್ನೂರು ಕೆ.ಜಿ. ಆಸುಪಾಸು. ಅದೇ ಮಾರುತಿ ಎಸ್ಟೀಮ್ ನೋಡಿ. 1999ರ ಸುಮಾರಿಗೆ ಕಾರ್ಬೊರೇಟರ್ ಹೋಗಿ ಎಂಪಿಎಫ್‌ಐ ಬಂದ ಮೇಲೆ 1.3 ಲೀಟರಿನ ಎಂಜಿನ್ 85 ಅಶ್ವಶಕ್ತಿ ಕೊಡುತ್ತಿತ್ತು, ಕಾರಿನ ತೂಕ 900 ಕೆ.ಜಿ.ಗಿಂತ ಕಡಿಮೆ. ಒಂದು ಟನ್ನಿಗೆ ಎಷ್ಟು ಅಶ್ವಶಕ್ತಿ ಎಂದು ಲೆಕ್ಕ ಹಾಕಿದರೆ ಕಾಂಟೆಸ್ಸಾಕ್ಕೆ 73, ಎಸ್ಟೀಮ್‌ಗೆ 95ರ ಮೇಲೆ. ರೇಸು, ರ‍್ಯಾಲಿಗಳಲ್ಲಿ ವರ್ಷಗಟ್ಟಲೆ ಎಸ್ಟೀಮ್ ಮತ್ತು ಜಿಪ್ಸಿಗಳೇ ತುಂಬಿಕೊಂಡಿದ್ದದ್ದು ಸುಮ್ಮನೆ ಅಲ್ಲ. ಬೆಂಗಳೂರಿನ ಕೆ-1000 ರ‍್ಯಾಲಿಯ ಮಣ್ಣಿನ ಹಾದಿಗಳಲ್ಲಿ ಧೂಳೆಬ್ಬಿಸಿಕೊಂಡು ಹೋಗುತ್ತಿದ್ದ ಕಾರುಗಳಿವು. ನಮ್ಮ ಮನೆಯ ಮುಂದಿನ ರಸ್ತೆಯೂ ಬಹುಪಾಲು ಅಂಥದ್ದೇ.

ಪ್ರೀಮಿಯರ್ ಪದ್ಮಿನಿಯನ್ನು ಈ ಸಾಲಿನಿಂದ ತೆಗೆಯುವುದು ಕಷ್ಟ. ನಾನು ಸ್ಟಿಯರಿಂಗ್ ಹಿಡಿಯಲು ಕಲಿತದ್ದೇ ದೊಡ್ಡಪ್ಪನ ಪದ್ಮಿನಿಯಲ್ಲಿ, ಸ್ಟಿಯರಿಂಗಿನ ಪಕ್ಕದ ಗೇರ್ ಕಡ್ಡಿಯಲ್ಲಿ. ಇಟಲಿಯ ಫಿಯೆಟ್ 1100ರ ಈ ತಂಗಿ ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದಳು. ಒಂದು ಕಾಲಕ್ಕೆ ನಮ್ಮ ರ‍್ಯಾಲಿಗಳಲ್ಲಿ ಪದ್ಮಿನಿಯೇ ಹೆಚ್ಚು. ಮುಂಬೈಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ. ಆದರೆ 1089 ಸಿಸಿಯ ಆ ಎಂಜಿನ್ ಕೊಡುವುದು ಸುಮಾರು 40 ಅಶ್ವಶಕ್ತಿ, ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ಹಬ್ಬಕ್ಕೆ, ಮದುವೆಗೆ, ಭಾನುವಾರ ಅಜ್ಜಿಯನ್ನು ಗೊರವನಹಳ್ಳಿ ಲಕ್ಷ್ಮಿ ದರ್ಶನಕ್ಕೆ ಕರೆದೊಯ್ಯಲು ಪದ್ಮಿನಿಯಂಥ ಕಾರಿಲ್ಲ. ಶಿರಾ ಹೈವೇಯಲ್ಲಿ ವೇಗವಾಗಿ ಹೋಗುವ ಲಾರಿ, ಬಸ್ಸುಗಳ ನಡುವೆ ಅದೇ ಬ್ರೇಕನ್ನು ನಂಬಿ ಹೋಗು ಎಂದು ಇಪ್ಪತ್ತನಾಲ್ಕರ ಹುಡುಗನಿಗೆ ಹೇಳಲು ನನಗೆ ಧೈರ್ಯವಿಲ್ಲ.

ಜಿಪ್ಸಿಯ ಮಾತು ಬೇಡ. ಒಳ್ಳೆಯದೇ, ಆದರೆ 2019ರ ಹೊತ್ತಿಗೆ ಸಾರ್ವಜನಿಕರಿಗೆ ಮಾರಾಟ ನಿಂತ ಮೇಲೆ ಕೇಳುವವರು ಹೆಚ್ಚಾಗಿ, ಬೆಲೆ ನಮ್ಮ ಹುಡುಗನ ಕೈಮೀರಿ ಹೋಗಿದೆ. 1983ರಿಂದ 86ರ ನಡುವಿನ ಮೊದಲ ಮಾದರಿಯ ಮಾರುತಿ 800ರದ್ದೂ ಅದೇ ಕತೆ, ಈಗ ಸಂಗ್ರಹ ಮಾಡುವವರ ಕಣ್ಣು ಅದರ ಮೇಲೆ ಬಿದ್ದಿದೆ.

ಉಳಿದದ್ದು ಝೆನ್. 1993ರಲ್ಲಿ ಬಂದ ಮೊದಲ ಝೆನ್, ಗುಂಡು ಗುಂಡಾದ ಮೈಯ, ಬೀದಿಯಲ್ಲಿ ಇವತ್ತಿಗೂ ನಾಲ್ಕಾರು ಕಾಣುವ ಕಾರು. 993 ಸಿಸಿಯ ಅಲ್ಯೂಮಿನಿಯಂ ಎಂಜಿನ್, 50 ಅಶ್ವಶಕ್ತಿ, 750 ಕೆ.ಜಿ. ಆಸುಪಾಸು ತೂಕ, ಐದು ಗೇರು, ಮುಂದೆ ಡಿಸ್ಕ್ ಬ್ರೇಕು. ಇದೇ ಕಾರನ್ನು ಮಾರುತಿಯವರು ಆಲ್ಟೊ ಎಂಬ ಹೆಸರಿನಲ್ಲಿ ಯುರೋಪಿಗೂ ಕಳಿಸುತ್ತಿದ್ದರು. 2003ರಲ್ಲಿ ಕಾರ್ಬನ್, ಸ್ಟೀಲ್ ಎಂಬ ಹೆಸರಿನಲ್ಲಿ ಮೂರು ಬಾಗಿಲಿನ ಕೆಲವೇ ಕಾರು ಮಾಡಿದರು. ಅವು ಕಂಡರೆ ಬಿಡಬೇಡಿ. ಝೆನ್‌ನಲ್ಲಿ ಕೂತರೆ ಕುಂಡಿ ನೆಲಕ್ಕೆ ಹತ್ತಿರ, ಗೇರ್ ಕಡ್ಡಿ ಬೆರಳಿಗೆ ಹತ್ತಿರ. ಮಧುಗಿರಿಯಿಂದ ಪಾವಗಡದ ಕಡೆ ಗುಡ್ಡಗಳ ಸಂದಿಯಲ್ಲಿ ಹೊರಳುವ ರಸ್ತೆಯಲ್ಲಿ ಅರವತ್ತು ಎಪ್ಪತ್ತರ ವೇಗದಲ್ಲೇ ಅದು ಕೊಡುವ ಖುಷಿಯನ್ನು ಇವತ್ತಿನ ದೊಡ್ಡ ಗಾಡಿಗಳು ನೂರಿಪ್ಪತ್ತರಲ್ಲೂ ಕೊಡುವುದಿಲ್ಲ. ಸ್ಪೋರ್ಟ್ಸ್ ಕಾರು ಎಂದು ನಾನು ಕರೆಯುವುದು ಆ ಖುಷಿಯನ್ನು. ಜೊತೆಗೆ, ಅದರ ಕ್ಲಚ್ ಪ್ಲೇಟಿಗಾಗಲಿ ಬ್ರೇಕ್ ಪ್ಯಾಡಿಗಾಗಲಿ ನೀವು ಬೆಂಗಳೂರಿನ ಜೆ.ಸಿ. ರಸ್ತೆಯವರೆಗೂ ಹೋಗಬೇಕಿಲ್ಲ, ತುಮಕೂರಿನಲ್ಲೇ ಸಿಗುತ್ತದೆ. ಹೊಸದಾಗಿ ಸಿಗದ ಬಂಪರು, ಬಾಗಿಲಿನ ಹಿಡಿಗೆ ಶಿವಾಜಿನಗರದ ಗುಜರಿ ಇದೆ. ದುಡ್ಡು ಇನ್ನೊಂದು ಐವತ್ತು ಸಾವಿರ ಹೆಚ್ಚಿದ್ದಿದ್ದರೆ ಎಂಪಿಎಫ್‌ಐ ಎಸ್ಟೀಮ್ ಎನ್ನುತ್ತಿದ್ದೆ. ಒಂದೂವರೆ ಲಕ್ಷಕ್ಕೆ ಝೆನ್.

ಇಷ್ಟು ಕಾರಿನ ಹೆಸರಿನ ಮಾತಾಯಿತು. ಆದರೆ ಹೆಸರು ಆರಿಸುವುದು ಸುಲಭ. ಅದೇ ಹೆಸರಿನ ಹತ್ತು ಕಾರಿನಲ್ಲಿ ಯಾವುದನ್ನು ಮನೆಗೆ ತರುವುದು ಎನ್ನುವಲ್ಲೇ ದುಡ್ಡು ಉಳಿಯುವುದು ಅಥವಾ ಮುಳುಗುವುದು.

ನಾನು ಮುಳುಗಿದ ಕತೆ ಹೇಳುತ್ತೇನೆ. ಹದಿನೈದು ವರ್ಷದ ಹಿಂದೆ ಕರಾವಳಿಯ ಕಡೆಯಿಂದ ಬಂದ ಒಂದು ಕೆಂಪು ಕಾರು ಕೊಂಡೆ. ಮುಖ ಕಾಣುವಷ್ಟು ಹೊಳೆಯುವ ಪೇಂಟು. ಎಂಜಿನ್ ಹೊಲಿಗೆ ಮಿಷಿನ್ನಿನ ಹಾಗೆ ನಡೆಯುತ್ತಿತ್ತು. ಅದಕ್ಕೇ ಮರುಳಾದೆ. ಮನೆಗೆ ತಂದ ಮೂರನೇ ದಿನ ಗಾಲಿ ಬಿಚ್ಚಲು ಜಾಕ್ ಏರಿಸಿದರೆ ಕಾರು ಮೇಲೇಳಲಿಲ್ಲ, ಜಾಕಿನ ತಲೆಯೇ ಬಾಗಿಲಿನ ಕೆಳಗಿನ ತಗಡಿನೊಳಗೆ ಹಪ್ಪಳ ಮುರಿದ ಸದ್ದಿನೊಂದಿಗೆ ತೂರಿಕೊಂಡು ಹೋಯಿತು. ಮ್ಯಾಟ್ ಎತ್ತಿ ನೋಡಿದರೆ ಕಾಲಿಡುವ ಜಾಗದಲ್ಲಿ ತಾರು ಬಳಿದ ಗೋಣಿಚೀಲ. ಅದರ ಕೆಳಗೆ ನೆಲವಿರಲಿಲ್ಲ, ನಮ್ಮ ಅಂಗಳದ ಮಣ್ಣು ಕಾಣುತ್ತಿತ್ತು. ಟಿಂಕರಿಂಗಿಗೆ ಹೋದ ದುಡ್ಡಿನಲ್ಲಿ ಅಂಥ ಇನ್ನೊಂದು ಕಾರು ಬರುತ್ತಿತ್ತು.

ಎಂಜಿನ್ ಎಷ್ಟೇ ಸೋತಿದ್ದರೂ ಬಿಚ್ಚಿ ಬೋರಿಂಗ್ ಮಾಡಿ ಹೊಸ ಪಿಸ್ಟನ್ ಹಾಕಬಹುದು. ಬಾಡಿಯೇ ತಳಪಾಯವಾಗಿರುವ ಇಂಥ ಕಾರಿನಲ್ಲಿ ತುಕ್ಕು ಹಿಡಿದ ಒಂದು ತಗಡನ್ನು ಕಿತ್ತರೆ ಪಕ್ಕದ್ದು ಬೆಸುಗೆ ಹಿಡಿಯುವುದಿಲ್ಲ, ಅದನ್ನೂ ಕೀಳಬೇಕು, ಆಮೇಲೆ ಅದರ ಪಕ್ಕದ್ದು. ತುಕ್ಕು ಹಿಡಿಸುವುದು ತೇವ, ತೇವದಲ್ಲಿ ಉಪ್ಪಿದ್ದರೆ ಇನ್ನೂ ಬೇಗ. ಮಂಗಳೂರು, ಉಡುಪಿಯ ಮಳೆ ಮತ್ತು ಕಡಲಗಾಳಿ ಹತ್ತು ವರ್ಷದಲ್ಲಿ ಮಾಡುವ ಹಾನಿಯನ್ನು ನಮ್ಮ ಪಾವಗಡದ ಹವೆ ಮೂವತ್ತು ವರ್ಷದಲ್ಲೂ ಮಾಡುವುದಿಲ್ಲ. ಮಳೆ ಬಾರದ ಸೀಮೆ ಎಂದು ನಾವು ನೊಂದುಕೊಳ್ಳುತ್ತೇವೆ. ಆ ಒಣ ಹವೆ ನಮಗೆ ಕೊಟ್ಟ ಒಂದು ಆಸ್ತಿ ಎಂದರೆ ಹಳೇ ಕಬ್ಬಿಣ. ಶಿರಾ, ಪಾವಗಡ, ಚಳ್ಳಕೆರೆ, ಆಚೆ ಬಳ್ಳಾರಿಯವರೆಗೆ ನಿವೃತ್ತ ಮೇಷ್ಟ್ರ ಮನೆಯ ಮುಂದೆಯೋ ಕಡಲೆಕಾಯಿ ಮಂಡಿಯ ಹಿಂದೆಯೋ ಬಣ್ಣ ಮಾಸಿ ನಿಂತ ಕಾರುಗಳಿವೆ. ಬಿಸಿಲಿಗೆ ಮೇಲಿನ ಪೇಂಟು ಬಿಳಿಚಿಕೊಂಡಿರುತ್ತದೆ, ಡ್ಯಾಷ್‌ಬೋರ್ಡ್ ಬಿರಿದಿರುತ್ತದೆ, ಗಾಜಿನ ರಬ್ಬರೆಲ್ಲ ಒಣಗಿ ಸುಕ್ಕಾಗಿರುತ್ತದೆ. ಅವೆಲ್ಲ ಅಂಗಡಿಯಲ್ಲಿ ಸಿಗುವ ಸಾಮಾನು. ನೆಲದ ತಗಡು ಮಾತ್ರ ಬೆರಳಲ್ಲಿ ತಟ್ಟಿದರೆ ತಣಿಗೆಯ ಹಾಗೆ ಸದ್ದು ಕೊಡುತ್ತದೆ. ಬಣ್ಣ ಮಾಸಿದ ಗಟ್ಟಿ ಕಾರು ಮತ್ತು ಬಣ್ಣ ಹೊಳೆಯುವ ತುಕ್ಕು ಕಾರು ಒಂದೇ ಬೆಲೆಗೆ ಇದ್ದರೆ ಕಣ್ಣು ಮುಚ್ಚಿಕೊಂಡು ಮಾಸಿದ್ದನ್ನೇ ತನ್ನಿ.

ನೋಡಲು ಹೋಗುವಾಗ ಹಳೇ ಸ್ಪೀಕರಿನಿಂದ ಕಿತ್ತ ಒಂದು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಳ್ಳಿ. ತಗಡಿಗೆ ಅಂಟುತ್ತದೆ. ಲಪ್ಪ, ಅಂದರೆ ಪುಟ್ಟಿ, ಮೆತ್ತಿ ಮೇಲೆ ಪೇಂಟು ಹೊಡೆದ ಕಡೆ ಜಾರುತ್ತದೆ. ಗಾಲಿಯ ಕಮಾನಿನ ಅಂಚು, ಬಾಗಿಲಿನ ಕೆಳಗಿನ ಮಡಿಕೆ, ಬ್ಯಾಟರಿ ಕೂರುವ ತಟ್ಟೆಯ ಸುತ್ತ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಬಾನೆಟ್ಟಿನ ಕೆಳಗೆ ಮುಂದಿನ ಸ್ಟ್ರಟ್ ಬಂದು ಕೂರುವ ಗುಮ್ಮಟ, ಇಷ್ಟು ಕಡೆ ಕೈಯಾಡಿಸಿ. ಸ್ಟ್ರಟ್ಟಿನ ಗುಮ್ಮಟದಲ್ಲಿ ಬಿರುಕೋ ತುಕ್ಕೋ ಇದ್ದರೆ ಕಾಫಿ ಕುಡಿದು, ನಮಸ್ಕಾರ ಹೇಳಿ ಎದ್ದು ಬನ್ನಿ.

ತಗಡಿಗೆ ಒಳ್ಳೆಯದಾದ ನಮ್ಮ ಸೀಮೆ ಎಂಜಿನ್ನಿಗೆ ಕೆಟ್ಟದ್ದು. ಕಾರಣ ನೀರು. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಸ್ನಾನದ ಹಂಡೆಯ ಒಳಮೈಗೆ ಬಿಳೀ ಚಕ್ಕೆ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಕಾದ ನೀರಿನಲ್ಲಿ ಕರಗಿದ ಸುಣ್ಣದ ಅಂಶ ಹೊರಬಿದ್ದು ಬಿಸಿಯ ಮೈಗೆ ಅಂಟುವುದು ಅದರ ಗುಣ. ರೇಡಿಯೇಟರಿನ ಒಳಗಿನ ಕೊಳವೆಗಳು ಹುಲ್ಲಿನ ಕಡ್ಡಿಯಷ್ಟು ಸಣ್ಣವು. ಇಪ್ಪತ್ತು ವರ್ಷ ಹೊಲದ ಬೋರಿನ ನೀರನ್ನೇ ಸುರಿದ ಕಾರಿನಲ್ಲಿ ಅರ್ಧಕ್ಕರ್ಧ ಕೊಳವೆ ಕಟ್ಟಿರುತ್ತವೆ. ಎಂಜಿನ್ ಅಲ್ಯೂಮಿನಿಯಂದಾದರೆ ಇನ್ನೊಂದು ಕಷ್ಟ. ಕೂಲೆಂಟ್ ಇಲ್ಲದ ಬರೀ ನೀರು ಹೆಡ್ಡಿನ ಒಳದಾರಿಗಳನ್ನು ಒಳಗೊಳಗೇ ತಿನ್ನುತ್ತದೆ. ಝೆನ್, ಎಸ್ಟೀಮ್, ಡಾಲ್ಫಿನ್ ಮೂರೂ ಅಲ್ಯೂಮಿನಿಯಂ ಎಂಜಿನ್ನಿನವೇ. ಏಪ್ರಿಲ್‌ನ ಒಂದು ಮಧ್ಯಾಹ್ನ ಪಾವಗಡದ ದಾರಿಯಲ್ಲಿ ನನ್ನ ಕಾರು ಕುದಿದು ನಿಂತಾಗ ಪಕ್ಕದ ಹೊಲದ ರೈತರೊಬ್ಬರು ಕೊಡದಲ್ಲಿ ನೀರು ತಂದುಕೊಟ್ಟರು. ಅವರ ಪ್ರೀತಿಗೆ ಏನು ಹೇಳಲಿ. ಆದರೆ ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯುವ ಆತುರ ನನ್ನದು. ಹೆಡ್ ಬಾಗಿ ಗ್ಯಾಸ್ಕೆಟ್ ಹೋಯಿತು. ಅರ್ಧ ಗಂಟೆ ಕಾದಿದ್ದರೆ ಉಳಿಯುತ್ತಿತ್ತು.

ಹಾಗಾಗಿ ಕಾರು ನೋಡುವಾಗ ತಣ್ಣಗಿರುವಾಗಲೇ ರೇಡಿಯೇಟರಿನ ಮುಚ್ಚಳ ತೆಗೆಯಿರಿ. ಹಸಿರೋ ಕೆಂಪೋ ಬಣ್ಣದ ತಿಳಿ ಕೂಲೆಂಟ್ ಕಂಡರೆ ಮಾಲೀಕರು ಕಾರನ್ನು ಸಾಕಿದವರು. ಇಟ್ಟಿಗೆ ಬಣ್ಣದ ಬಗ್ಗಡ ಕಂಡರೆ ಬೆಲೆಯಲ್ಲಿ ರೇಡಿಯೇಟರಿನ ಖರ್ಚು ಕಳೆಯಿರಿ. ಕಾಫಿಗೆ ಹಾಲು ಹಾಕಿದ ಬಣ್ಣದ ನೊರೆ ಆಯಿಲ್ ಮುಚ್ಚಳದಲ್ಲಿ ಕಂಡರೆ ನೀರು ಆಯಿಲ್ ಜೊತೆ ಸೇರುತ್ತಿದೆ, ಹೆಡ್ ಬಿಚ್ಚಲೇಬೇಕು. ಮನೆಗೆ ತಂದ ಮೇಲೆ ಹಳೇ ನೀರು ಪೂರ್ತಿ ಹೊರಹಾಕಿ, ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ನೀರು ತಂದು, ಕೂಲೆಂಟ್ ಬೆರೆಸಿ ತುಂಬಿ. ಫಿಲ್ಟರ್ ನೀರಿನಲ್ಲಿ ಸುಣ್ಣದ ಅಂಶ ತೀರಾ ಕಡಿಮೆ. ಸಿದ್ದರಬೆಟ್ಟಕ್ಕೆ ಹೋದವರು ಗುಹೆಯೊಳಗಿನ ನೀರನ್ನು ಬಾಟಲಿಯಲ್ಲಿ ಹಿಡಿದು ಮನೆಗೆ ತರುತ್ತಾರಲ್ಲ, ಹಾಗೆ ಕಾರಿನ ನೀರಿನ ಬಗ್ಗೆಯೂ ಒಂದು ಭಕ್ತಿ ಇರಲಿ.

ಎಂಜಿನ್ ಸೋತಿದ್ದರೂ ಹೆದರಬೇಡಿ ಎಂದೆ. ಅದಕ್ಕೂ ನಮ್ಮ ಸೀಮೆಯ ಕಾರಣವೇ ಇದೆ. ಬೋರ್‌ವೆಲ್ಲನ್ನೇ ನಂಬಿ ಬದುಕುವ ನಮ್ಮ ಊರುಗಳಲ್ಲಿ ಲೇತ್, ವೆಲ್ಡಿಂಗ್, ಮೋಟರ್ ರೀವೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ. ಪಂಪಿನ ಷಾಫ್ಟ್ ತಿರುವುವವರು ಬುಷ್ ತಿರುವಿಕೊಡುತ್ತಾರೆ. ಮೋಟರ್ ಸುತ್ತುವವರು ಆಲ್ಟರ್ನೇಟರನ್ನೂ ಸುತ್ತುತ್ತಾರೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಎಂಜಿನ್ ಕಾದ ಮೇಲೂ ಬಿಳೀ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿದೆ. ಝೆನ್ ಕೊಂಡ ದಿನವೇ ಟೈಮಿಂಗ್ ಬೆಲ್ಟ್ ಬದಲಿಸಿ, ಹಿಂದಿನವರು ಯಾವಾಗ ಹಾಕಿದ್ದರು ಎಂಬ ಮಾತನ್ನು ನಂಬಿ ಕೂರಬೇಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಆ ಕಾಲದ ರಬ್ಬರ್ ಪೈಪು, ಕಾರ್ಬೊರೇಟರಿನ ಸೀಲುಗಳು ಇದಕ್ಕೆಂದು ಮಾಡಿದವಲ್ಲ, ಮೆತ್ತಗಾಗಿ ಬಿರಿಯುತ್ತವೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಪೆಟ್ರೋಲಿನ ಪೈಪುಗಳನ್ನು ಟ್ಯಾಂಕಿನಿಂದ ಎಂಜಿನ್ನಿನವರೆಗೆ ಪೂರ್ತಿ ಹೊಸದು ಹಾಕಿ. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಬಿಡಬೇಡಿ, ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ.

ತಗಡಿನಷ್ಟೇ ಗಟ್ಟಿಯಿರಬೇಕಾದ್ದು ಕಾಗದಪತ್ರ. ನಮ್ಮ ಗಡಿ ತಾಲ್ಲೂಕುಗಳಿಗೆ ಹಿಂದೂಪುರ, ಅನಂತಪುರದ ಕಡೆಯ ಕಾರು ಸುಲಭವಾಗಿ, ಕಡಿಮೆಗೆ ಸಿಗುತ್ತದೆ. ಪಾವಗಡದ ಮೂರೂ ಕಡೆ ಆಂಧ್ರವೇ ಅಲ್ಲವೇ. ಆದರೆ ಬೇರೆ ರಾಜ್ಯದ ನಂಬರಿನ ಕಾರನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನಂಬರ್ ಪಡೆಯಲೇಬೇಕು. ಅದಕ್ಕೆ ಆ ರಾಜ್ಯದ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು. ಮಾರುವವರು 'ಎನ್‌ಒಸಿ ಆಮೇಲೆ ಕೊಡ್ತೀನಿ' ಎಂದರೆ ದುಡ್ಡನ್ನೂ ಆಮೇಲೆಯೇ ಕೊಡಿ. ಮೊದಲ ಕಾರಿಗೆ ಕೆಎ-06ರ ತುಮಕೂರು ನಂಬರೋ, ಕೆಎ-64ರ ಮಧುಗಿರಿ ನಂಬರೋ ಇದ್ದರೆ ಅರ್ಧ ತಲೆನೋವು ಕಡಿಮೆ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಕಾರನ್ನು ಪರೀಕ್ಷೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು. ಇದರ ಶುಲ್ಕ ಮೊದಲು ಕೇವಲ 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನ ಅಧಿಸೂಚನೆಯ ಪ್ರಕಾರ 20 ವರ್ಷ ದಾಟಿದ ಕಾರಿಗೆ 10,000. ಹಸಿರು ತೆರಿಗೆ ಬೇರೆ. ಆರ್‌ಸಿಯ ಅವಧಿ ಮುಗಿದು ವರ್ಷಗಳಾಗಿದ್ದರೆ ದಂಡದ ಲೆಕ್ಕವನ್ನೂ ಸೇರಿಸಿಕೊಂಡೇ ಬೆಲೆ ಮಾತಾಡಿ. ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನೂ ಕಾರಿನ ಮೈಮೇಲೆ ಕೊರೆದಿರುವ ನಂಬರನ್ನೂ ಒಂದೊಂದು ಅಂಕಿಯಾಗಿ ಹೋಲಿಸಿ. ಆರ್‌ಟಿಒ ಕಚೇರಿಯಲ್ಲಿ ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯುವ ಹಾಗೆ ನೀವೂ ಒಂದು ಪ್ರಿಂಟ್ ತೆಗೆದುಕೊಳ್ಳಿ. ತುಂಬಾ ಹಳೇ ಕಾರಾದರೆ, ಕೆಎ ಸರಣಿ ಬರುವುದಕ್ಕೂ ಮುಂಚಿನ ನಂಬರಿನದಾದರೆ, ಅದರ ದಾಖಲೆ ಕಂಪ್ಯೂಟರಿಗೆ ಏರಿದೆಯೇ ಎಂದು ಮೊದಲೇ ವಿಚಾರಿಸಿ. ಸಾಲದ ನಮೂದು ಇನ್ನೂ ಆರ್‌ಸಿಯಲ್ಲಿದ್ದರೆ, ಸಾಲ ಎಂದೋ ತೀರಿದ್ದರೂ, ಬ್ಯಾಂಕಿನ ಪತ್ರ ಬರುವವರೆಗೆ ಕಾಯಿರಿ.

ವಿಂಟೇಜ್ ನಂಬರ್ ಮಾಡಿಸಿದರೆ ಈ ರಗಳೆ ಇಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. 2021ರಲ್ಲಿ ಬಂದ ಆ ನಿಯಮ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಗಳಿಗೆ. ನಂಬರಿನ ನಡುವೆ 'ವಿಎ' ಅಕ್ಷರ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಅಂಥ ಕಾರನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಮಾತ್ರ. ದಿನಾ ವಸಂತನರಸಾಪುರಕ್ಕೆ ಓಡಿಸಬೇಕು ಎನ್ನುವವನಿಗೆ ಅದು ದಾರಿಯಲ್ಲ.

ಇನ್ನು ಹುಡುಗರಿಗೆ ಕಹಿಯಾಗುವ ಮಾತು. ಕಾರನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದನ್ನು ತಡೆಯುತ್ತದೆ. ತಯಾರಕರು ಕೊಟ್ಟ ರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಮೇಲ್ಛಾವಣಿ ಕತ್ತರಿಸಿ ತೆರೆದ ಕಾರು ಮಾಡುವುದು, ಅಗಲದ ಟೈರಿಗೆ ಗಾಲಿಯ ಕಮಾನು ಕೊಯ್ಯುವುದು, ಸೈಲೆನ್ಸರ್ ಕಿತ್ತು ಸದ್ದು ಮಾಡಿಸುವುದು, ಇವು ಯಾವುವೂ ಬೇಡ. ಬಣ್ಣ ಬದಲಿಸುವುದಕ್ಕೂ ಕೆಟ್ಟ ಎಂಜಿನ್ನಿಗೆ ಬದಲಿ ಎಂಜಿನ್ ಕೂರಿಸುವುದಕ್ಕೂ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ನನಗೆ ಇದರಲ್ಲಿ ಬೇಸರವಿಲ್ಲ. ಒಳ್ಳೆಯ ಡ್ಯಾಂಪರು, ಹೊಸ ಬುಷ್ಷು, ಸರಿಯಾದ ಅಲೈನ್‌ಮೆಂಟು, ಶುದ್ಧವಾದ ಕಾರ್ಬೊರೇಟರು, ಇಷ್ಟು ಮಾಡಿದ ಝೆನ್ ಕಂಪನಿಯಿಂದ ಹೊರಬಂದ ದಿನ ಹೇಗಿತ್ತೋ ಹಾಗಿರುತ್ತದೆ. ಅದು ಹೇಗಿತ್ತು ಎನ್ನುವುದನ್ನೇ ನಮ್ಮಲ್ಲಿ ಬಹಳ ಮಂದಿ ನೋಡಿಲ್ಲ.

ದುಡ್ಡಿನ ವಿಷಯ. ಕೈಯಲ್ಲಿರುವ ಒಂದೂವರೆ ಲಕ್ಷವನ್ನು ಕಾರಿಗೇ ಸುರಿಯಬೇಡಿ. ಅರ್ಧಕ್ಕಿಂತ ಕಡಿಮೆ ಕಾರಿಗೆ, ಉಳಿದದ್ದು ಕಾಗದಕ್ಕೆ, ಇನ್ಶೂರೆನ್ಸಿಗೆ, ಕೆಲಸಕ್ಕೆ. ಕೆಲಸದಲ್ಲೂ ಮೊದಲ ರೂಪಾಯಿ ಬ್ರೇಕಿಗೆ, ಎರಡನೆಯದು ಟೈರಿಗೆ, ಮೂರನೆಯದು ಸೀಟ್ ಬೆಲ್ಟಿಗೆ. ಈ ಕಾರುಗಳಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ನಿಂತಲ್ಲೇ ನಿಂತ ಕಾರಿನ ಟೈರಿನ ಗೀರು ಎಷ್ಟೇ ಆಳವಿದ್ದರೂ ನಂಬಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಎಂದಿದ್ದರೆ 2014ರ 23ನೇ ವಾರ ತಯಾರಾದದ್ದು. ಅಂಥ ಟೈರು ಬಿಸಿಲಿನಲ್ಲಿ ಒಣಗಿ ಕಲ್ಲಾಗಿರುತ್ತದೆ, ಮೊದಲ ಮಳೆಗೆ ರಸ್ತೆ ಹಿಡಿಯುವುದಿಲ್ಲ. ಪೇಂಟು, ಸೀಟ್ ಕವರು, ಮ್ಯೂಸಿಕ್ ಸಿಸ್ಟಮ್ಮು ಎಲ್ಲ ಕೊನೆಗೆ. ಮುಂದಿನ ವರ್ಷಕ್ಕೆ ಹೋದರೂ ಚಿಂತೆಯಿಲ್ಲ.

ಹುಡುಗ ನಾಲ್ಕು ತಿಂಗಳು ಹುಡುಕಿದ. ಒಂಬತ್ತು ಕಾರು ನೋಡಿ ಬಿಟ್ಟ. ದೀಪಾವಳಿಗೆ ಮುಂಚೆ ಪಾವಗಡದ ಕಡೆಯ ಹಳ್ಳಿಯೊಂದರಲ್ಲಿ ಕಾರ್ಬೊರೇಟರಿನ ಒಂದು ಝೆನ್ ಸಿಕ್ಕಿತು. ಒಬ್ಬರೇ ಮಾಲೀಕರು, ಎರಡು ವರ್ಷದಿಂದ ನಿಂತದ್ದು. ಬೆಳ್ಳಿ ಬಣ್ಣ ಸುಣ್ಣದ ಹಾಗೆ ಆಗಿತ್ತು. ಅಯಸ್ಕಾಂತ ಎಲ್ಲ ಕಡೆಯೂ ಅಂಟಿತಂತೆ. ಟಾಟಾ ಏಸ್‌ನಲ್ಲಿ ಹೇರಿಕೊಂಡು ಮನೆಗೆ ತಂದ ದಿನ ನನ್ನನ್ನೂ ಕರೆದ. ಅವರ ತಂದೆ ಹುಣಸೆಮರದ ಕೆಳಗೆ ಜಾಗ ಗುಡಿಸಿಟ್ಟಿದ್ದರು. ರೇಡಿಯೇಟರಿನ ಕೆಳಗಿನ ಬಿರಡೆ ಸಡಿಲಿಸಿದಾಗ ಕೆಮ್ಮಣ್ಣಿನ ನೀರು ಸುಮಾರು ಹೊತ್ತು ಹರಿಯಿತು. ಪೈಪು ಹಿಡಿದು ತೊಳೆದಷ್ಟೂ ಬಿಳೀ ಚಕ್ಕೆ ಬರುತ್ತಲೇ ಇತ್ತು. ಕೊನೆಗೆ ತಿಳಿಯಾಯಿತು. ಘಟಕದಿಂದ ತಂದ ಕ್ಯಾನ್ ಎತ್ತಿ ಅವನು ನಿಧಾನವಾಗಿ ಹುಯ್ಯುತ್ತಿದ್ದರೆ, ಅವರ ಅಜ್ಜಿ ಜಗಲಿಯಿಂದ ಕೇಳಿದರು, "ಏನ್ಲಾ, ಕಾರಿಗೂ ಕುಡಿಯೋ ನೀರೇ ಬೇಕಾ?"

"ಹೂಂ ಕಣಜ್ಜಿ," ಅಂದ ಹುಡುಗ, ತಲೆ ಎತ್ತದೆ.